ಹಳೆಯ ಕಾರಿನ ಹೊಗೆ: ಬಿಡಿಭಾಗ ಬದಲಿಸುವ ಮೊದಲು ಸೋರಿಕೆಯ ಮೂಲ ಹುಡುಕಲಿ

ಮಾನ್ಯ ಸಂಪಾದಕರಿಗೆ,

ಬೇಸಿಗೆ ರಜೆ ಬಂತೆಂದರೆ ಸೋಮೇಶ್ವರದಿಂದ ಆಗುಂಬೆಗೆ 14 ತಿರುವುಗಳನ್ನು ಹತ್ತಿ ಬಂದ ಕಾರುಗಳಲ್ಲಿ ಕೆಲವು ಘಾಟಿಯ ತಲೆಯಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುತ್ತವೆ. ಹೊಸನಗರದ ಕಡೆಯ ಹುಲಿಕಲ್ ಘಾಟಿಯಲ್ಲೂ ಇದೇ ನೋಟ. ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಾರೆ. ಒಬ್ಬರು ರೇಡಿಯೇಟರಿಗೆ ನೀರು ಸುರಿಯಿರಿ ಎಂದರೆ, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪ್ಯಾಕಿಂಗ್) ಹೋಗಿದೆ ಎಂದು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಹೊಗೆ ಎಂಜಿನ್ನಿನ ಯಾವ ಮಗ್ಗುಲಿನಿಂದ ಏಳುತ್ತಿದೆ, ಅದರ ವಾಸನೆ ಎಂಥದ್ದು ಎಂದು ಬಗ್ಗಿ ನೋಡುವವರು ಮಾತ್ರ ವಿರಳ. ಹಳೆಯ ಕಾರಿನಲ್ಲಿ ಎಣ್ಣೆ ಕಾಣುವ ಜಾಗ ಬೇರೆ, ಸೋರುವ ಜಾಗ ಬೇರೆ. ಮೂಲವನ್ನು ಕಣ್ಣಾರೆ ಕಾಣುವವರೆಗೆ ಯಾವ ಸೀಲನ್ನೂ ಯಾವ ಪ್ಯಾಕಿಂಗನ್ನೂ ಬದಲಿಸಬಾರದೆಂಬುದು ನಮ್ಮ ಗ್ಯಾರೇಜುಗಳಲ್ಲಿ ಒಂದು ಶಿಸ್ತಾಗಬೇಕು, ಕಾರಿನ ಮಾಲೀಕರೂ ಅದನ್ನು ಕೇಳಿ ಪಡೆಯಬೇಕು ಎಂಬ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರುಗಳಿಗೆ ಇನ್ನೂ ದಿನನಿತ್ಯದ ಕೆಲಸವಿದೆ. 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಆರಂಭದಲ್ಲಿ ನಿಂತಿತು, ಓಮ್ನಿ 2019ರಲ್ಲಿ ನಿಂತಿತು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಅಡಿಕೆ ಮೂಟೆ ಸಾಗಿಸಲು, ಡೇರಿಗೆ ಹಾಲು ಒಯ್ಯಲು, ರಾತ್ರಿ ಹೊತ್ತು ಕಾಯಿಲೆಯವರನ್ನು ಶಿವಮೊಗ್ಗಕ್ಕೆ ಕರೆದೊಯ್ಯಲು ಇವತ್ತಿಗೂ ಹೊರಡುವುದು ಅವೇ ಗಾಡಿಗಳು. ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಿಸಿದರೆ ಮತ್ತೆ 5 ವರ್ಷ ಓಡಿಸಬಹುದು. ಆ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದಾಗ ಎಲ್ಲರೂ ಗೊಣಗಿದರು. ಅಷ್ಟು ಹಣ ಕಟ್ಟಿ ಉಳಿಸಿಕೊಂಡ ಗಾಡಿಯ ಬಾನೆಟ್ಟಿನೊಳಗೆ ಏನು ಸೋರುತ್ತಿದೆ ಎಂಬ ಬಗ್ಗೆ ಮಾತ್ರ ಅಷ್ಟು ಗಮನ ಇದ್ದಂತಿಲ್ಲ. ಹೊಗೆ ತಪಾಸಣೆಯ ಚೀಟಿ ಕೈಯಲ್ಲಿದೆಯಲ್ಲ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಆದರೆ ಆ ತಪಾಸಣೆ ನೋಡುವುದು ಸೈಲೆನ್ಸರ್ ಕೊಳವೆಯನ್ನು ಮಾತ್ರ. ಪೆಟ್ರೋಲ್ ಕಾರಾದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಕಾರಾದರೆ ಹೊಗೆಯ ಸಾಂದ್ರತೆ, ಇಷ್ಟನ್ನು ಅದು ಅಳೆಯುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗಿ, ಸುಟ್ಟ ಅನಿಲವನ್ನು ಹೊರಗೊಯ್ಯುವ ಬಿಸಿ ಮ್ಯಾನಿಫೋಲ್ಡಿನ ಮೇಲೆ ಸುಡುತ್ತಿದ್ದರೂ, ಪೆಟ್ರೋಲ್ ಹೋಸ್ ಬಿರುಕು ಬಿಟ್ಟು ಹನಿಯುತ್ತಿದ್ದರೂ ಚೀಟಿ ಸಲೀಸಾಗಿ ಸಿಗುತ್ತದೆ.

ಸೋರಿಕೆ ಹುಡುಕುವ ಕೆಲಸ ಏಕೆ ಕಷ್ಟವೆಂದರೆ, ಎಣ್ಣೆ ಸೋರಿದ ಜಾಗದಲ್ಲಿ ನಿಲ್ಲುವುದಿಲ್ಲ. ಅದು ಮೊದಲು ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಫ್ಯಾನು, ಬೆಲ್ಟು ಅದನ್ನು ನಾಲ್ಕೂ ಕಡೆ ಎರಚುತ್ತವೆ. ಹೆಂಚಿನ ಮನೆಯಲ್ಲಿ ನಡುಮನೆಯಲ್ಲಿ ನೀರು ತೊಟ್ಟಿಕ್ಕಿದರೆ ಒಡೆದ ಹೆಂಚು ಅದರ ನೇರಕ್ಕೇ ಇರಬೇಕೆಂದಿಲ್ಲ, ಎಷ್ಟೋ ಸಲ ನೀರು ರೀಪಿನ ಗುಂಟ ಇಳಿದು ಬಂದಿರುತ್ತದೆ. ಎಂಜಿನ್ನಿನ ಎಣ್ಣೆಯದೂ ಅದೇ ದಾರಿ. ಅದರ ಮೇಲೆ ನಮ್ಮ ಮಣ್ಣು ರಸ್ತೆಗಳ ಕೆಂಪು ಧೂಳು ಕೂತರೆ ಇಡೀ ಎಂಜಿನ್ ಒಂದೇ ಬಣ್ಣದ ಜಿಡ್ಡಿನ ಮುದ್ದೆಯಾಗುತ್ತದೆ. ಅಂಥ ಎಂಜಿನ್ನನ್ನು ನೋಡಿ ಇಂಥ ಸೀಲೇ ಹೋಗಿದೆ ಎಂದು ಹೇಳುವುದು ಎಷ್ಟೇ ಅನುಭವಿ ಮೆಕ್ಯಾನಿಕ್ಕಿಗೂ ಊಹೆಯೇ ಹೊರತು ಪತ್ತೆಯಲ್ಲ.

ಆದ್ದರಿಂದ ಮೊದಲ ಕೆಲಸ ತೊಳೆಯುವುದು. ಎಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು, ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಜಿಡ್ಡು ತೆಗೆಯುವ ದ್ರಾವಣವನ್ನು ಬ್ರಷ್ಷಿನಿಂದ ಹಚ್ಚಿ ನೆನೆಯಲು ಬಿಟ್ಟು, ಅನಂತರ ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಹೊಡೆದರೆ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಡುವ ಸಂಭವವಿದೆ. ಕೆಲವು ಕಡೆ ಪೆಟ್ರೋಲನ್ನೇ ಸಿಂಪಡಿಸಿ ಎಂಜಿನ್ ತೊಳೆಯುವ ರೂಢಿಯಿದೆ. ಪೆಟ್ರೋಲಿನ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಬಲ್ಲವರು ಈ ರೂಢಿಯನ್ನು ಇವತ್ತೇ ಬಿಡಬೇಕು. ತೊಳೆಯುವ ಮುನ್ನ ಬಾನೆಟ್ಟಿನ ಹಿಂಭಾಗದಲ್ಲಿ, ಗಾಜಿನ ಬುಡದಲ್ಲಿ ಕೂತ ತರಗೆಲೆಯನ್ನೂ ತೆಗೆಯುವುದು ಒಳ್ಳೆಯದು. ನಮ್ಮಲ್ಲಿ ಮರದಡಿ ನಿಲ್ಲಿಸಿದ ಗಾಡಿಗಳಲ್ಲಿ ಇದು ಬುಟ್ಟಿಗಟ್ಟಲೆ ಸಿಗುತ್ತದೆ, ಮಳೆನೀರು ಹೋಗುವ ತೂತುಗಳನ್ನು ಮುಚ್ಚುತ್ತದೆ. ಬೇಸಿಗೆಯಲ್ಲಿ ಒಣಗಿ ಎಂಜಿನ್ನಿನ ಬಿಸಿ ಭಾಗಗಳ ಮೇಲೆ ಬಿದ್ದರೆ ಹೊಗೆಗೆ ಅದೊಂದೇ ಸಾಕು.

ತೊಳೆದ ಮೇಲೆ ಸ್ವಲ್ಪ ದೂರ ಓಡಿಸಿ ಬಂದು ಎಂಜಿನ್ನನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದೋ ಅದರ ಸುತ್ತ ಮೂಲವನ್ನು ಹುಡುಕಬೇಕು. ಫ್ಯಾನು ಎರಚಿದ್ದನ್ನು ಬಿಟ್ಟರೆ ಎಣ್ಣೆ ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಕೈ ಹೋಗದ ಮೂಲೆಗೆ ಒಂದು ಟಾರ್ಚು, ಹಿಡಿಯಿರುವ ಸಣ್ಣ ಕನ್ನಡಿ ಸಾಕು. ಈಗ ಮೊಬೈಲಿನ ಕ್ಯಾಮೆರಾವೇ ಆ ಕೆಲಸ ಮಾಡುತ್ತದೆ. ರಾತ್ರಿ ನಿಲ್ಲಿಸುವಾಗ ಗಾಡಿಯ ಕೆಳಗೆ ರಟ್ಟಿನ ಹಾಳೆ ಹಾಸಿ, ಮುಂದಿನ ಎರಡು ಚಕ್ರಗಳ ಗುರುತನ್ನು ಅದರ ಮೇಲೆ ಗೀಚಿಟ್ಟರೆ ಬೆಳಿಗ್ಗೆ ಕಲೆ ಯಾವ ಭಾಗದ ಕೆಳಗೆ ಬಿದ್ದಿದೆ ಎಂಬುದು ತಿಳಿಯುತ್ತದೆ. ರಟ್ಟಿಲ್ಲದಿದ್ದರೆ ಹಳೆಯ ದಿನಪತ್ರಿಕೆಯ ಹಾಳೆಯೂ ಆಗುತ್ತದೆ; ಸಂಪಾದಕರು ಬೇಸರಿಸಬಾರದು, ಓದಿ ಮುಗಿಸಿದ ಮೇಲಿನ ಮಾತಿದು.

ಬಿದ್ದ ಕಲೆಯೇ ಅರ್ಧ ವಿಷಯ ಹೇಳುತ್ತದೆ. ಕಂದು ಅಥವಾ ಕಪ್ಪಾಗಿ ಜಾರುವಂತಿದ್ದರೆ ಎಂಜಿನ್ ಆಯಿಲ್. ದಪ್ಪಗಿದ್ದು ಮೂಗಿಗೆ ಹೊಡೆಯುವ ಗಂಧಕದ ವಾಸನೆಯಿದ್ದರೆ ಗೇರ್ ಆಯಿಲ್. ಅಂಟಂಟಾಗಿ ಸಿಹಿ ವಾಸನೆಯಿದ್ದು, ಒಣಗಿದಾಗ ಬಿಳಿಯ ಅಥವಾ ಹಸಿರು ಹೊಪ್ಪಳೆ ಬಿಟ್ಟರೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಕಂಪನಿಯಿಂದ ಕಂಪನಿಗೆ ಹಸಿರು, ಕೆಂಪು, ನೀಲಿ ಎಂದು ಬಣ್ಣ ಬೇರೆಯಾಗುವುದರಿಂದ ಬರೀ ಬಣ್ಣವನ್ನು ನಂಬಬಾರದು. ತೆಳ್ಳಗೆ ಕೆಂಪಗಿರುವುದು ಸಾಮಾನ್ಯವಾಗಿ ಸ್ಟೀರಿಂಗ್ ಆಯಿಲ್. ಎ.ಸಿ. ಹಾಕಿ ಬಂದ ಮೇಲೆ ಮುಂದಿನ ಸೀಟಿನ ನೇರಕ್ಕೆ ಬೀಳುವ ಬಣ್ಣವಿಲ್ಲದ, ವಾಸನೆಯಿಲ್ಲದ ಹನಿ ಬರೀ ನೀರು. ಅದಕ್ಕೆ ಗಾಬರಿಪಟ್ಟು ಗ್ಯಾರೇಜಿಗೆ ಓಡಬೇಕಾಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜಿನುಗಾದರೆ ಒಣಗಿದ ಎಂಜಿನ್ನಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಗಾಡಿ ಚಾಲೂ ಮಾಡಿ ನಿಲ್ಲಿಸಬಹುದು, ಬಿಳಿಯ ಮೇಲೆ ಎಣ್ಣೆಯ ಗೆರೆ ತಾನಾಗಿ ಮೂಡುತ್ತದೆ. ಇದಕ್ಕಿಂತ ಖಚಿತವಾದದ್ದು ಬಣ್ಣದ ಪರೀಕ್ಷೆ: ಆಯಿಲ್‌ಗೆ ಹೊಳೆಯುವ ದ್ರವವೊಂದನ್ನು ಬೆರೆಸಿ, ಓಡಿಸಿ ಬಂದು, ನೇರಳಾತೀತ ದೀಪ ಹಿಡಿದರೆ ಸೋರುವ ಜಾಗ ಹಳದಿ ಹಸಿರಾಗಿ ಮಿನುಗುತ್ತದೆ. ಈ ದೀಪ ಮತ್ತು ದ್ರವ ದುಬಾರಿಯೇನಲ್ಲ. ದೊಡ್ಡ ಸಾಣೆ ಯಂತ್ರ ಇಟ್ಟುಕೊಂಡ ಗ್ಯಾರೇಜುಗಳೂ ಇದನ್ನು ಇಟ್ಟುಕೊಳ್ಳದಿರುವುದು ನನಗೆ ಸೋಜಿಗದ ಸಂಗತಿ.

ನಮ್ಮ ಮನೆಯ ಮಾರುತಿ 800ರ ಉದಾಹರಣೆ ಇಲ್ಲಿ ಪ್ರಸ್ತುತವೆಂದು ಭಾವಿಸುತ್ತೇನೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಆ ಜಾಗದಲ್ಲಿ ಎಣ್ಣೆ ಕಂಡರೆ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ ಎನ್ನುವುದು ವಾಡಿಕೆಯ ಉತ್ತರ. ಒಂದು ಗ್ಯಾರೇಜಿನವರು ಹಾಗೆಯೇ ಹೇಳಿ, ಗೇರ್‌ಬಾಕ್ಸ್ ಇಳಿಸಿ, ಹೇಗೂ ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಿಸುವುದೆಂದು ಲೆಕ್ಕ ಬರೆದುಕೊಟ್ಟರು. ಅದಕ್ಕೆ ಒಪ್ಪುವ ಮೊದಲು ಎಂಜಿನ್ ತೊಳೆಸಿ, ಒಣಗಿಸಿ, ತೀರ್ಥಹಳ್ಳಿ ಪೇಟೆಗೆ ಹೋಗಿ ಬಂದು ಬಾನೆಟ್ ತೆಗೆದು ನೋಡಿದರೆ, ಕ್ರ್ಯಾಂಕಿಗಿಂತ ಎಷ್ಟೋ ಮೇಲೆ, ಡಿಸ್ಟ್ರಿಬ್ಯೂಟರ್ ಹೆಡ್ಡಿಗೆ ಕೂರುವ ಜಾಗದ ಕೆಳಗಂಚಿನಲ್ಲಿ ತಾಜಾ ಎಣ್ಣೆಯ ಒಂದು ಎಳೆ ಕಾಣಿಸಿತು. ಅಲ್ಲಿಂದ ಅದು ಹೆಡ್ಡಿನ ಬದಿಯಲ್ಲಿ ಇಳಿದು, ಗೇರ್‌ಬಾಕ್ಸಿನ ಹೊಟ್ಟೆಯ ಮೇಲೆ ಹರಡಿ, ಸಂದಿಯ ತಳದಿಂದ ಹನಿಯುತ್ತಿತ್ತು. ಒಳಗಿದ್ದ ಓ-ರಿಂಗ್ ತೆಗೆದಾಗ ಅದು ರಬ್ಬರಿನ ಗುಣವನ್ನೇ ಕಳೆದುಕೊಂಡು ಬಳೆಚೂರಿನಂತೆ ಮುರಿಯಿತು. ಹೊಸ ರಿಂಗ್ ಹಾಕಿ, ಟೈಮಿಂಗ್ (ಕಿಡಿ ಹಾರುವ ಸಮಯ) ಸರಿಹೊಂದಿಸಿದ ಮೇಲೆ ಆ ಸೋರಿಕೆ ನಿಂತಿತು. ಗೇರ್‌ಬಾಕ್ಸ್ ಇದ್ದಲ್ಲೇ ಇದೆ. ಮೆಕ್ಯಾನಿಕ್ಕಿನ ಪ್ರಾಮಾಣಿಕತೆಯ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಜಿಡ್ಡು ಮೆತ್ತಿದ ಎಂಜಿನ್ನನ್ನು ನೋಡಿ ಅವರು ಹೇಳಿದ್ದು ಅತಿ ಸಾಧಾರಣವಾದ ಕಾರಣವನ್ನು. ತೊಳೆಯುವ ಸಮಯಕ್ಕೆ ಹಣ ಕೊಡಲು ಗಿರಾಕಿ ಸಿದ್ಧನಿಲ್ಲದಿದ್ದರೆ ಅವರಾದರೂ ಏನು ಮಾಡಬೇಕು? ಭಾಗ ಬದಲಿಸಿದರೆ ಬಿಲ್ಲಿನಲ್ಲಿ ತೋರಿಸಬಹುದು, ಹುಡುಕಿದ ಒಂದು ಗಂಟೆಗೆ ನಮ್ಮಲ್ಲಿ ಬೆಲೆ ಕಟ್ಟುವ ಪದ್ಧತಿಯೇ ಇಲ್ಲ. ಈ ಪದ್ಧತಿ ಬದಲಾಗದೆ ಬೇರೇನೂ ಬದಲಾಗದು.

ಸೀಲುಗಳೆಲ್ಲ ಒಂದರ ಹಿಂದೊಂದು ಸೋರತೊಡಗಿದರೆ ಸೀಲುಗಳನ್ನು ದೂರುವ ಮೊದಲು ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಕೊಳವೆಯನ್ನು, ಅದರ ಪಿ.ಸಿ.ವಿ. ವಾಲ್ವನ್ನು ನೋಡಬೇಕು. ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಗಿನ ಎಣ್ಣೆಯ ಚೇಂಬರಿಗೆ ನುಸುಳುತ್ತಿರುತ್ತದೆ. ಅದು ಹೊರಹೋಗಲು ಇರುವ ದಾರಿ ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆ ಎಲ್ಲಿ ಸಡಿಲವಿದೆಯೋ ಅಲ್ಲಿಂದ ಹೊರಬರುತ್ತದೆ. ಅಂಥ ಎಂಜಿನ್ನಿಗೆ ಹೊಸ ಸೀಲ್ ಹಾಕಿದರೂ ಬಹಳ ಕಾಲ ತಡೆಯುವುದಿಲ್ಲ. ಎಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರೆ ಹೊಗೆ ಬುಸುಬುಸು ಎಂದು ಒತ್ತಿಕೊಂಡು ಬರುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಬ್ರೀದರ್ ಶುದ್ಧವಾಗಿದ್ದೂ ಹಾಗೆ ಬರುತ್ತಿದ್ದರೆ ರಿಂಗುಗಳು ಸವೆದಿವೆ ಎಂದರ್ಥ, ಆಗ ಲೆಕ್ಕವೇ ಬೇರೆ.

ಟ್ಯಾಪೆಟ್ ಕವರ್ ಸೋರಿದರೆ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುವುದು ಇನ್ನೊಂದು ರೂಢಿ. ತಗಡಿನ ಕವರಾದರೆ ಅದು ಬಾಗುತ್ತದೆ, ಗಟ್ಟಿಯಾದ ಹಳೆಯ ಪ್ಯಾಕಿಂಗ್ ಬಿರಿಯುತ್ತದೆ, ಸೋರಿಕೆ ಹೆಚ್ಚುತ್ತದೆ. ಪ್ಯಾಕಿಂಗ್ ಬದಲಿಸದೆ ಸುತ್ತ ಗ್ಯಾಸ್ಕೆಟ್ ಪೇಸ್ಟ್ ಬಳಿಯುವುದಂತೂ ಅಪಾಯಕ್ಕೇ ದಾರಿ. ಹೆಚ್ಚಾದ ಪೇಸ್ಟ್ ಒಳಮುಖವಾಗಿ ಉಬ್ಬಿ, ತುಂಡಾಗಿ ಬಿದ್ದು, ಚೇಂಬರಿನ ಜಾಲರಿಯನ್ನು ಕಟ್ಟಿಸಿದರೆ ಎಂಜಿನ್ನಿಗೆ ಎಣ್ಣೆಯೇ ಏರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರಾವಣಗಳು ರಬ್ಬರ್ ಸೀಲುಗಳನ್ನು ಮೆದುಗೊಳಿಸಿ ಉಬ್ಬಿಸುತ್ತವೆ. ಕೆಲವು ಕಾಲ ಉಪಯೋಗ ಕಂಡರೂ ಒಡೆದ ಪ್ಯಾಕಿಂಗಿಗೆ ಅವು ಮದ್ದಲ್ಲ. ರೇಡಿಯೇಟರಿಗೆ ಹಾಕುವ ಅಂಥದ್ದೇ ಪುಡಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ತೂತನ್ನು ಮುಚ್ಚುವ ಪುಡಿ ಸಣ್ಣ ನಾಳಗಳನ್ನೂ ಮುಚ್ಚುತ್ತದೆ.

ಇನ್ನು ಹೊಗೆಯ ವಿಚಾರ. ಮಲೆನಾಡಿನಲ್ಲಿ ಬಾನೆಟ್ಟಿನಿಂದ ಏಳುವುದೆಲ್ಲ ಹೊಗೆಯಲ್ಲ. ಜಡಿಮಳೆಯಲ್ಲಿ ನೀರು ನಿಂತ ರಸ್ತೆ ದಾಟಿ ಬಂದು ನಿಲ್ಲಿಸಿದಾಗ, ಸೈಲೆನ್ಸರ್ ಪೈಪಿನ ಮೇಲೆ ಸಿಡಿದ ನೀರು ಹಬೆಯಾಗಿ ಏಳುತ್ತದೆ. ಅದಕ್ಕೆ ವಾಸನೆಯಿಲ್ಲ, ಕೆಲವು ನಿಮಿಷಗಳಲ್ಲಿ ತಾನೇ ಆರಿಹೋಗುತ್ತದೆ, ಉಷ್ಣಾಂಶದ ಮುಳ್ಳೂ ತನ್ನ ಜಾಗದಲ್ಲೇ ಇರುತ್ತದೆ. ನೀಲಿ ಛಾಯೆಯ, ಕಣ್ಣು ಉರಿಸುವ, ಸುಟ್ಟ ಎಣ್ಣೆಯ ವಾಸನೆಯ ಹೊಗೆ ಬೇರೆ. ಎಂಜಿನ್ ಆಯಿಲಿನ ಆವಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಘಾಟಿ ಹತ್ತುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದರ ಎರಡು ಮೂರು ಪಟ್ಟು ಕಾಯುತ್ತದೆ. ಓಡುವಾಗ ಗಾಳಿ ಆ ಹೊಗೆಯನ್ನು ಹಿಂದಕ್ಕೆ ಒಯ್ಯುವುದರಿಂದ ತಿಳಿಯುವುದಿಲ್ಲ, ಘಾಟಿ ಮುಗಿಸಿ ನಿಂತಾಗ ಬಾನೆಟ್ಟಿನ ಅಂಚಿನಿಂದ ಮೇಲೇಳುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಈ ವಾಸನೆ ನೇರವಾಗಿ ಒಳಗೆ ಬರುತ್ತದೆ. ಅದನ್ನು ಹಳೆಯ ಗಾಡಿಯ ಸಹಜ ಗುಣವೆಂದು ಸಹಿಸಿಕೊಂಡು ಹೋಗುವವರನ್ನು ಕಂಡಿದ್ದೇನೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸರಿಮಾಡಿಸಿದರೆ ಎಷ್ಟೋ ಗಾಡಿಗಳಲ್ಲಿ ಆ ವಾಸನೆ ಹೋಗುತ್ತದೆ. ಘಾಟಿಯಲ್ಲಿ ಸುಟ್ಟ ಕಾಗದದಂಥ ಘಾಟು ಬಂದರೆ ಅದು ಕ್ಲಚ್ಚಿನದು, ಅರ್ಧ ಕ್ಲಚ್ ಒತ್ತಿ ಏರಿಸಿದ್ದರ ಫಲ. ಇಳಿಯುವಾಗ ಚಕ್ರದ ಹತ್ತಿರ ಬರುವ ಘಾಟು ಬ್ರೇಕಿನದು, ಗೇರಿನಲ್ಲಿ ಇಳಿಯದಿದ್ದರ ಫಲ. ಇವೆರಡಕ್ಕೂ ಸೋರಿಕೆಗೂ ಸಂಬಂಧವಿಲ್ಲ.

ಆಯಿಲ್ ಮುಚ್ಚಳದ ಒಳಗೆ ಹಳದಿ ಮಿಶ್ರಿತ ಕೆನೆಯಂಥ ಪದರ ಕಂಡೊಡನೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೇಳುವುದೂ ನಮ್ಮಲ್ಲಿ ಸಾಮಾನ್ಯ. ಜುಲೈ, ಆಗಸ್ಟ್ ತಿಂಗಳಲ್ಲಿ ಡೇರಿಯವರೆಗೆ ಹೋಗಿ ಬರುವಷ್ಟೇ ಓಡಾಟವಿರುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಹೋಗದೆ ಎಣ್ಣೆಯ ಜೊತೆ ಕಲಸಿಕೊಂಡು ಮುಚ್ಚಳದ ತಣ್ಣನೆಯ ತಗಡಿನಲ್ಲಿ ಕೆನೆಗಟ್ಟುತ್ತದೆ. ಅದನ್ನು ಒರೆಸಿ, ಶಿವಮೊಗ್ಗಕ್ಕೋ ಸಾಗರಕ್ಕೋ ಒಂದು ದೂರದ ಓಟ ಹೋಗಿ ಬಂದು ಮತ್ತೆ ನೋಡಬೇಕು. ಡಿಪ್‌ಸ್ಟಿಕ್ಕಿನಲ್ಲೂ ಎಣ್ಣೆ ಹಾಲು ಬೆರೆಸಿದಂತಿದ್ದು, ಕೂಲಂಟ್ ಇಳಿಯುತ್ತ ಹೋಗಿ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಆಗ ಹೆಡ್ ಗ್ಯಾಸ್ಕೆಟ್ಟಿನ ಮಾತು ಬರುತ್ತದೆ. ಆಗಲೂ ಹೆಡ್ ಬಿಚ್ಚುವ ಮೊದಲು ರೇಡಿಯೇಟರಿನ ಬಾಯಲ್ಲಿ ಇಟ್ಟು ಮಾಡುವ ನೀಲಿ ದ್ರಾವಣದ ಪರೀಕ್ಷೆಯಿದೆ. ಸುಟ್ಟ ಅನಿಲ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ.

ಕೂಲಂಟ್ ವಿಷಯದಲ್ಲಿ ನಮ್ಮ ಭಾಗದವರ ನಂಬಿಕೆಯೊಂದನ್ನು ಪ್ರಶ್ನಿಸಬೇಕಾಗಿದೆ. ನಮ್ಮ ಹಳ್ಳದ ನೀರು, ಬಾವಿಯ ನೀರು ಬಯಲುಸೀಮೆಯ ಬೋರ್‌ವೆಲ್ ನೀರಿನಷ್ಟು ಗಡಸಲ್ಲ, ರೇಡಿಯೇಟರಿಗೆ ಅದೇ ಸಾಕು ಎನ್ನುತ್ತಾರೆ. ಸುಣ್ಣ ಕಟ್ಟುವುದು ಕಡಿಮೆ ಎಂಬ ಮಟ್ಟಿಗೆ ಮಾತು ಸರಿ. ಆದರೆ ಎಷ್ಟೇ ಮೆದುವಾದರೂ ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶವಿಲ್ಲ. ಬೀಡಿನ ಬ್ಲಾಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಬ್ಲಾಕಿನ ಬದಿಯ ತಗಡಿನ ಬಿಲ್ಲೆಗಳು ತೂತಾಗುತ್ತವೆ, ವಾಟರ್ ಪಂಪಿನ ಸೀಲ್ ಸವೆಯುತ್ತದೆ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತನ್ನು ತಯಾರಕರೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಹೋದಾಗ ನೀರು ಅಲ್ಲಿಂದ ಹನಿಯಲಿ ಎಂಬುದೇ ಅದರ ಉದ್ದೇಶ. ಆ ತೂತಿಗೆ ಎಂಸೀಲ್ ಮೆತ್ತಿ ಸೋರಿಕೆ ನಿಲ್ಲಿಸಿದ ಪಂಪೊಂದನ್ನು ನೋಡಿದ್ದೇನೆ. ನೀರು ಆಮೇಲೆ ಬೇರಿಂಗಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ರೇಡಿಯೇಟರ್ ಮುಚ್ಚಳದ ಬಗ್ಗೆಯೂ ಒಂದು ಮಾತು. ಅದು ಬರೀ ಮುಚ್ಚಳವಲ್ಲ, ಸುಮಾರು 1 ಬಾರ್‌ನಷ್ಟು ಒತ್ತಡವನ್ನು ಒಳಗೆ ಹಿಡಿದಿಡುವ ವಾಲ್ವ್. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ 120 ಡಿಗ್ರಿಯ ಆಸುಪಾಸಿನವರೆಗೆ ತಾಳುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಬೇರೆಲ್ಲ ಸರಿಯಿದ್ದೂ ಘಾಟಿಯಲ್ಲಿ ನೀರು ಉಕ್ಕುತ್ತದೆ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ತಿರುವಿದರೆ ಒತ್ತಡ ಒಮ್ಮೆಗೇ ಇಳಿದು ನೀರೆಲ್ಲ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಷ್ಟೇ ಅವಸರವಿದ್ದರೂ ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಕಾಯಲೇಬೇಕು. ತಣ್ಣಗಿರುವಾಗ ಕೈಪಂಪಿನ ಒತ್ತಡ ಮಾಪಕವನ್ನು ರೇಡಿಯೇಟರಿನ ಬಾಯಿಗೆ ಜೋಡಿಸಿ ಒತ್ತಡ ಕೊಟ್ಟರೆ, ಘಾಟಿಯಲ್ಲಿ ಮಾತ್ರ ಸೋರುವ ಹೋಸ್ ಅಂಗಳದಲ್ಲೇ ಸೋರಿ ತೋರಿಸುತ್ತದೆ. ಸೋರಿ ಬಿದ್ದ ಕೂಲಂಟನ್ನು ಅಂಗಳದಲ್ಲಿ ಹಾಗೆಯೇ ಬಿಡಬಾರದು, ಅದರ ಸಿಹಿಗೆ ನಾಯಿಗಳು ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡವನ್ನು ಕೆಡಿಸುವ ವಿಷ.

ಸೋರಿಕೆಗಳಲ್ಲಿ ಒಂದು ದಿನವೂ ಮುಂದೂಡಬಾರದವು ಎರಡು. ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ಗಾಡಿ ಮನೆಯಿಂದ ಹೊರಡಲೇಬಾರದು. ಮಾಸ್ಟರ್ ಸಿಲಿಂಡರಿನ ಕೆಳಗೆ ಬಣ್ಣ ಉಬ್ಬಿ ಸುಲಿದಿದ್ದರೆ ಅದು ಅಲ್ಲಿ ಸೋರಿದೆ ಎಂಬುದಕ್ಕೆ ಸಾಕ್ಷಿ. ಎರಡನೆಯದು ಪೆಟ್ರೋಲ್. ಅದು ಕಲೆ ಬಿಡದೆ ಆರಿಹೋಗುವುದರಿಂದ ಮೂಗನ್ನೇ ನಂಬಬೇಕು, ಅದರಲ್ಲೂ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನ ಹತ್ತಿರ. ಈಗ ಪೆಟ್ರೋಲಿಗೆ 20 ಪ್ರತಿಶತದವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಹೋಸು, ಕಾರ್ಬುರೇಟರಿನ ಪ್ಯಾಕಿಂಗು, ಪೆಟ್ರೋಲ್ ಪಂಪಿನ ಡಯಾಫ್ರಾಂ ಇವು ಉಬ್ಬುವುದೋ ಬಿರಿಯುವುದೋ ಆಗಬಹುದು. 15 ವರ್ಷ ದಾಟಿದ ಗಾಡಿಯಲ್ಲಿ ಪೆಟ್ರೋಲ್ ಹೋಸುಗಳನ್ನು ಮಾತ್ರ ಸೋರಿಕೆ ಕಾಣದಿದ್ದರೂ ಬದಲಿಸುವುದು ಸರಿ. ಮೂಲ ಕಾಣುವವರೆಗೆ ಬದಲಿಸಬಾರದೆಂಬ ನನ್ನ ವಾದಕ್ಕೆ ಇದೊಂದೇ ಅಪವಾದ.

ಇಲಿಗಳ ಕಾಟವನ್ನು ಪಟ್ಟಣದ ಓದುಗರು ನಂಬಲಿಕ್ಕಿಲ್ಲ. ಅಡಿಕೆ, ಭತ್ತ ಇರುವ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಕಾರಿನ ಎಂಜಿನ್ ಮಳೆಗಾಲದಲ್ಲಿ ಅವುಗಳಿಗೆ ಬೆಚ್ಚನೆಯ ಮನೆ. ತಂತಿಯ ಹೊದಿಕೆ, ಹೋಸು ಎಲ್ಲವನ್ನೂ ಕಡಿಯುತ್ತವೆ, ಬ್ಯಾಟರಿಯ ಹಿಂದೆ ಹುಲ್ಲಿನ ಗೂಡು ಕಟ್ಟುತ್ತವೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಎಣ್ಣೆಯನ್ನು ಹುಡುಕುತ್ತ ಕೂರದೆ ತಕ್ಷಣ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಸಾಧ್ಯವಾದರೆ ಬ್ಯಾಟರಿಯ ತಂತಿ ಬಿಚ್ಚಬೇಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತುವುದು ಬೆಂಕಿಯನ್ನು ಕರೆದಂತೆಯೇ ಸರಿ. ಬಾನೆಟ್ಟಿನೊಳಗೆ ಜ್ವಾಲೆಯೇ ಕಂಡರೆ ಎಲ್ಲರೂ ಇಳಿದು ದೂರ ಹೋಗಬೇಕು. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಅಗ್ನಿಶಾಮಕ ಡಬ್ಬಿ ಇದ್ದು, ಬೆಂಕಿ ಸಣ್ಣದಿದ್ದರೆ ಮಾತ್ರ ಬಾನೆಟ್ಟನ್ನು ಒಂದು ಸಂದಿಯಷ್ಟು ಸಡಿಲಿಸಿ ಒಳಗೆ ಸಿಂಪಡಿಸಬಹುದು. ನೀರು ಎರಚಿದರೆ ಉರಿಯುವ ಎಣ್ಣೆ ಹರಡುತ್ತದೆ.

ಶಿವಮೊಗ್ಗ ಮತ್ತು ಸಾಗರದ ಸಾರಿಗೆ ಕಚೇರಿಗಳಿಗೆ ಈ ಪತ್ರದ ಮೂಲಕ ಎರಡು ಕೋರಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಪ್ರತಿ ವರ್ಷ ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಆಚರಿಸುವಾಗ ಹೆಲ್ಮೆಟ್ ಜಾಥಾ, ಭಾಷಣಗಳ ಜೊತೆಗೆ ಹಳೆಯ ಕಾರುಗಳ ಸೋರಿಕೆ ಪತ್ತೆಯ ಒಂದು ಶಿಬಿರವನ್ನೂ ನಡೆಸಬಹುದು, ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ನೇರಳಾತೀತ ದೀಪ, ಒತ್ತಡ ಮಾಪಕ ಕೊಟ್ಟು ಅನುಭವಿ ಮೆಕ್ಯಾನಿಕ್ಕುಗಳ ಮೇಲ್ವಿಚಾರಣೆಯಲ್ಲಿ ನೋಡಿಸಿದರೆ ಅವರಿಗೂ ಕಲಿಕೆ, ಗಾಡಿಯವರಿಗೂ ಪ್ರಯೋಜನ. ಜನವರಿಯಲ್ಲಿ ನೋಡಿಸಿಕೊಂಡರೆ ಬೇಸಿಗೆಯ ಘಾಟಿ ಪ್ರಯಾಣಕ್ಕೂ ಆಮೇಲಿನ ಮಳೆಗೂ ಮೊದಲೇ ದುರಸ್ತಿ ಮುಗಿಸಲು ಸಮಯ ಇರುತ್ತದೆ. ಇನ್ನೊಂದು, 15 ವರ್ಷದ ನಂತರದ ನವೀಕರಣಕ್ಕೆ ಗಾಡಿ ತಂದಾಗ ಚಾಸಿ ನಂಬರಿನ ಅಚ್ಚು ತೆಗೆಯಲು ಹಲವು ಕಾರುಗಳಲ್ಲಿ ಹೇಗೂ ಬಾನೆಟ್ ಎತ್ತಲಾಗುತ್ತದೆ. ಅದೇ ಹೊತ್ತಿಗೆ ಪೆಟ್ರೋಲ್ ಹೋಸು, ಬ್ರೇಕ್ ಆಯಿಲ್, ಮ್ಯಾನಿಫೋಲ್ಡಿನ ಮೇಲಿನ ಎಣ್ಣೆ ಈ ಮೂರನ್ನು ನೋಡಿ ಮಾಲೀಕರಿಗೆ ಒಂದು ಚೀಟಿಯಲ್ಲಿ ಬರೆದುಕೊಡಲಿ. ದಂಡ ಹಾಕುವುದು ಬೇಡ, ಗಾಡಿ ತಡೆಹಿಡಿಯುವುದೂ ಬೇಡ.

ಗ್ಯಾರೇಜು ಮಾಲೀಕರಲ್ಲಿ ನನ್ನ ಬೇಡಿಕೆ ಇಷ್ಟೆ. ಸೋರಿಕೆಯ ದೂರು ಬಂದಾಗ ತೊಳೆದು ಹುಡುಕುವ ಕೆಲಸಕ್ಕೆ ಬೇರೆಯಾಗಿ ಒಂದು ದರ ಗೊತ್ತು ಮಾಡಿ ಬೋರ್ಡಿನಲ್ಲಿ ಬರೆಯಿರಿ, ಮೂಲ ಸಿಕ್ಕಾಗ ಗಿರಾಕಿಯನ್ನು ಕರೆದು ತೋರಿಸಿ ಅಥವಾ ಮೊಬೈಲಿನಲ್ಲಿ ಫೋಟೊ ಕಳಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ತೆಗೆದ ಹಳೆಯ ಎಣ್ಣೆಯನ್ನೂ ಎಂಜಿನ್ ತೊಳೆದ ಜಿಡ್ಡು ನೀರನ್ನೂ ಚರಂಡಿಗೆ ಬಿಡುವುದು ನಿಲ್ಲಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ ಆಗಿದ್ದು, ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ನಗರಪಾಲಿಕೆಯು ಗ್ಯಾರೇಜುಗಳು ಹೆಚ್ಚಿರುವ ಬೀದಿಗಳಲ್ಲಿ ಈ ಡ್ರಮ್ಮುಗಳನ್ನು ಸಂಗ್ರಹಿಸುವ ದಿನವೊಂದನ್ನು ಗೊತ್ತುಪಡಿಸಿದರೆ, ಸಣ್ಣ ಗ್ಯಾರೇಜಿನವರು ಎರಡು ಮೂರು ಲೀಟರಿಗಾಗಿ ಯಾರನ್ನೂ ಹುಡುಕಿಕೊಂಡು ಹೋಗುವ ಪ್ರಮೇಯ ಬರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ